ತೊಡೆಸಂದಿನ ತುರಿಕೆ ಮರಳಿ ಮರಳಿ ಬರುವುದೇಕೆ?



ಈ ವಿಷಯ ಬರೆಯಲು ನಮಗೆ ಸಂಕೋಚ, ಓದಲು ನಿಮಗೂ ಇರಬಹುದು. ಆದರೆ ನಾಟಿ ಗದ್ದೆಯಲ್ಲಿ ದಿನವಿಡೀ ಒದ್ದೆ ಬಟ್ಟೆಯಲ್ಲಿ ದುಡಿಯುವವರಿಗೆ ತೊಡೆಸಂದಿನಲ್ಲಿ, ಗುಪ್ತಾಂಗದ ಸುತ್ತ ತುರಿಕೆ ಕಾಣಿಸುವುದು ಹೊಸತೇನಲ್ಲ. ಯಾರಿಗೂ ಹೇಳದೆ ಔಷಧದ ಅಂಗಡಿಯಲ್ಲಿ ಮೆಲ್ಲಗೆ ಒಂದು ಮುಲಾಮು ಕೇಳಿ ತರುತ್ತೀರಿ. ಮೂರು ದಿನಕ್ಕೆ ತುರಿಕೆ ನಿಲ್ಲುತ್ತದೆ. ಮುಲಾಮು ಬಿಟ್ಟ ಕೆಲವೇ ದಿನಗಳಲ್ಲಿ ಮತ್ತೆ ಬರುತ್ತದೆ, ಈ ಸಲ ಇನ್ನೂ ಅಗಲವಾಗಿ. ಹೀಗೆ ವರ್ಷಗಟ್ಟಲೆ ಕಳೆದವರಿದ್ದಾರೆ.

ತಪ್ಪು ಆ ಮುಲಾಮಿನಲ್ಲೇ ಇರಬಹುದು. ಇಂಥ ಎಷ್ಟೋ ಮುಲಾಮುಗಳಲ್ಲಿ ಶಿಲೀಂಧ್ರನಾಶಕದ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಗರಿಕೆಯನ್ನು ಮೇಲೆ ಕೊಯ್ದು ಬೇರು ಬಿಟ್ಟ ಹಾಗೆ. ಹುಳುಕಡ್ಡಿಯ ಉಂಗುರದಂಥ ಅಂಚೂ ಅಳಿಸಿಹೋಗುವುದರಿಂದ ನೋಡಿದ ವೈದ್ಯರಿಗೂ ರೋಗದ ಗುರುತು ಸಿಗುವುದು ಕಷ್ಟವಾಗುತ್ತದೆ. ಮೇಲಾಗಿ ಅಲ್ಲಿನ ಚರ್ಮ ತೀರ ತೆಳು. ವೃಷಣದ ಚೀಲದ ಚರ್ಮವು ಹೈಡ್ರೊಕಾರ್ಟಿಸೋನನ್ನು ಮುಂಗೈಗಿಂತ ಸುಮಾರು 40 ಪಟ್ಟು ಹೆಚ್ಚು ಹೀರುತ್ತದೆಂದು 1967ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. (ಪ್ಯಾರಾಥಿಯಾನ್ ಕೀಟನಾಶಕವನ್ನೂ ಅದು ಹಲವು ಪಟ್ಟು ಹೀರುತ್ತದೆ. ಸಿಂಪರಣೆ ಮಾಡಿದ ಕೈಯನ್ನು ಸೋಪಿನಿಂದ ತೊಳೆಯದೆ ಮೂತ್ರಕ್ಕೆ ಹೋಗಬೇಡಿರಿ.)

ಕೀಟನಾಶಕದ ಡಬ್ಬಿಯ ಮೇಲೆ ತಾಂತ್ರಿಕ ಹೆಸರು ಓದುವ ನೀವು ಮುಲಾಮಿನ ಟ್ಯೂಬನ್ನೂ ತಿರುಗಿಸಿ ಓದಿರಿ. ಕ್ಲೋಬೆಟಸಾಲ್, ಬೆಟಮೆಥಾಸೋನ್, ಬೆಕ್ಲೋಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದವರಿಗೆ ಸಿಗುತ್ತಲೇ ಇರುವುದು ನಿಮಗೆ ಗೊತ್ತೇ ಇದೆ.

ತುರಿಕೆಯೆಲ್ಲ ಹುಳುಕಡ್ಡಿಯಲ್ಲ. ಭತ್ತದ ಎಲೆ ಹಳದಿಯಾದರೆ ಸಾರಜನಕದ ಕೊರತೆಯೋ, ಸತುವಿನ ಕೊರತೆಯೋ ಎಂದು ನೋಡುತ್ತೀರಲ್ಲವೇ? ರಾತ್ರಿ ಹೆಚ್ಚುವ ತುರಿಕೆ, ಬೆರಳ ಸಂದಿನಲ್ಲೂ ಗುಳ್ಳೆ, ವೃಷಣದ ಮೇಲೆ ಗಂಟು, ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಶಿಶ್ನದ ಮುಂದೊಗಲು ಬಿರಿದು ಬಿಳಿ ಕಟ್ಟುತ್ತಿದ್ದರೆ, ಹೆಂಗಸರಲ್ಲಿ ಮೊಸರಿನಂಥ ಬಿಳುಪು ಹೋಗುತ್ತಿದ್ದರೆ, ರಕ್ತದ ಸಕ್ಕರೆ ಪರೀಕ್ಷೆ ಮಾಡಿಸುವುದು ಅಗತ್ಯ. ಸಕ್ಕರೆ ಕಾಯಿಲೆ ಇದೆಯೆಂದು ಎಷ್ಟೋ ಜನರಿಗೆ ತಿಳಿಯುವುದೇ ಹೀಗೆ. ಉರಿಯೊಡನೆ ಗೊಂಚಲು ನೀರ್ಗುಳ್ಳೆಗಳು ಅದೇ ಜಾಗದಲ್ಲಿ ಮರಳುತ್ತಿದ್ದರೆ ಹರ್ಪಿಸ್ ಇರಬಹುದು. ಅದು ಪೂರ್ತಿ ಹೋಗುವುದಿಲ್ಲವಾದರೂ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ವಾರಗಟ್ಟಲೆ ಮಾಯದ ಹುಣ್ಣನ್ನು ಮಾತ್ರ ತಡಮಾಡದೆ ತೋರಿಸಿ. ಅದರ ಚೂರು ತೆಗೆದು ಪರೀಕ್ಷಿಸಬೇಕಾಗಬಹುದು.

ಹುಳುಕಡ್ಡಿಯನ್ನು ಖಚಿತಪಡಿಸುವ ಪರೀಕ್ಷೆ ಸರಳ. ಚರ್ಮದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಚರ್ಮರೋಗ ತಜ್ಞರ ಬಳಿಗೆ ಒಯ್ಯಿರಿ. ಮುಚ್ಚಿಟ್ಟರೆ ನಷ್ಟ ನಿಮಗೇ.

ಚಿಕಿತ್ಸೆ ಈಗ ಮೊದಲಿನಷ್ಟು ಸುಲಭವಲ್ಲ. 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರು ಪಡೆದ ಶಿಲೀಂಧ್ರವು ನಮ್ಮ ದೇಶದಲ್ಲಿ ಹರಡಿದೆ, ಟರ್ಬಿನಾಫಿನ್ ಮಾತ್ರೆಗೆ ಅದು ಅನೇಕ ಕಡೆ ಬಗ್ಗುತ್ತಿಲ್ಲ. ಆದ್ದರಿಂದ ವಾರಗಟ್ಟಲೆ ಔಷಧಿ ಬೇಕು. ತುರಿಕೆ ನಿಂತಿತೆಂದು ನಡುವೆ ಬಿಡಬಾರದು. ಕಜ್ಜಿಗೆ ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ರಾತ್ರಿ ಹಚ್ಚಿ, ಬೆಳಿಗ್ಗೆ ತೊಳೆದು, ವಾರದ ನಂತರ ಇನ್ನೊಮ್ಮೆ ಹಚ್ಚಬೇಕು. ಮನೆಯವರೆಲ್ಲರೂ ಒಂದೇ ರಾತ್ರಿ. ಕೂಸುಗಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳಿಯೇ ಹಚ್ಚಿರಿ.

ಗದ್ದೆಯಿಂದ ಬಂದೊಡನೆ ಒದ್ದೆ ಚಡ್ಡಿ ಬದಲಿಸಿ, ಸಂದುಗಳನ್ನು ಒರೆಸಿಕೊಳ್ಳಿ. ಟವೆಲ್ ಒಬ್ಬೊಬ್ಬರಿಗೆ ಒಂದಿರಲಿ, ಒಳಉಡುಪು ಬಿಸಿಲಿನಲ್ಲಿ ಒಣಗಲಿ. ನಾಚಿಕೆಯಿಂದ ಹೆಂಗಸರು ಅದನ್ನು ಬಚ್ಚಲಿನ ಕತ್ತಲಲ್ಲೇ ಒಣಹಾಕುವುದುಂಟು. ಅಂಗಳದ ಹಗ್ಗದ ಮೇಲೆ ಸೀರೆಯ ಮರೆಯಲ್ಲಾದರೂ ಒಣಗಲು ಬಿಡಿರಿ.