ಬ್ರೇಕಿನ ಡಿಸ್ಕ್: ಆಯ್ಕೆ ಮತ್ತು ಜೋಡಣೆ

ಜನಪದ ಗೀತಗಳನ್ನು ಸಂಗ್ರಹಿಸಿ ನಾಡಿಗಿತ್ತ ಗೆಳೆಯರ ಊರೆಂದು ಹೆಸರಾದ ಹಲಸಂಗಿಯ ಸುತ್ತಿನದು ಬಯಲುಸೀಮೆ. ಘಟ್ಟದ ಇಳಿಜಾರುಗಳಿಲ್ಲದ ಇಂಥ ನೆಲದಲ್ಲಿ ಕಾರಿನ ಬ್ರೇಕು ಬಹುಕಾಲ ಬಾಳುವುದೆಂದು ಬಗೆಯುವುದು ಸಹಜ. ಆದರೆ ನೇರವಾದ ದಾರಿ ವೇಗಕ್ಕೆ ಆಸ್ಪದವೀಯುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರೋ ದನಗಳ ಹಿಂಡೋ ಅಡ್ಡಬಂದಾಗ ಆ ವೇಗವೆಲ್ಲ ಕ್ಷಣಮಾತ್ರದಲ್ಲಿ ಶಾಖವಾಗಬೇಕಾಗುತ್ತದೆ. ಒಟ್ಟು 1,000 ಕಿಲೋ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲುವಾಗ ಹುಟ್ಟುವ ಶಾಖವು ಸುಮಾರು ಅರ್ಧ ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿ.

ಈ ಶಾಖವನ್ನು ಹೊರುವುದು ಗಾಲಿಯೊಡನೆ ತಿರುಗುವ ಬೀಡು ಕಬ್ಬಿಣದ ಡಿಸ್ಕ್. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಪೇಟೆಂಟ್ ಪಡೆದ ಈ ಉಪಾಯವು, 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಜಾಗ್ವಾರ್ ಕಾರು ಗೆದ್ದ ಬಳಿಕ ಲೋಕಪ್ರಸಿದ್ಧವಾಯಿತು.

ಡಿಸ್ಕ್ ಸವೆದಷ್ಟೂ ಶಾಖವನ್ನು ತಾಳುವ ಲೋಹ ಕಡಿಮೆಯಾಗುತ್ತದೆ. ಆದಕಾರಣ ಅದರ ಅಂಚಿನಲ್ಲೋ ನಡುವಿನ ಬಟ್ಟಲಿನಂಥ ಭಾಗದಲ್ಲೋ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ಮೈಕ್ರೋಮೀಟರಿನಿಂದ ಹಲವು ಕಡೆ ಅಳೆದು, ಎಲ್ಲಿಯಾದರೂ ಆ ಮಿತಿಗಿಂತ ತೆಳುವಾಗಿದ್ದರೆ ಬದಲಿಸಲೇಬೇಕು. ಲೇಥಿನಲ್ಲಿ ಕೊರೆಯಿಸಿ ನಯ ಮಾಡಿಸಿದರೆ ಹಣ ಉಳಿಯುವುದು ನಿಜ. ಆದರೆ ಉಳಿದ ದಪ್ಪ ಮಿತಿಗಿಂತ ಕೆಳಗಿಳಿದರೆ ಆ ಉಳಿತಾಯಕ್ಕೆ ಅರ್ಥವಿಲ್ಲ. ಕೊಳ್ಳುವಾಗ ವ್ಯಾಸ, ದಪ್ಪ, ಬೋಲ್ಟುರಂಧ್ರಗಳು, ನಡುವಿನ ತೂತು ಇವೆಲ್ಲ ಕಾರಿನ ಮಾದರಿಗೆ ಸರಿಹೊಂದಬೇಕು. ಮೊದಲಿದ್ದುದು ಗಾಳಿಯಾಡುವ ಇಬ್ಬದಿಯ ಡಿಸ್ಕ್ ಆಗಿದ್ದರೆ ಒಂಟಿ ಹಲಗೆಯದು ಸಲ್ಲದು. ಒಂದು ಅಚ್ಚಿನ ಎರಡೂ ಬದಿಗಳನ್ನು ಒಟ್ಟಿಗೇ ಬದಲಿಸಿ, ಹೊಸ ಪ್ಯಾಡುಗಳನ್ನೂ ಹಾಕತಕ್ಕದ್ದು. ಮೈಮೇಲೆ ರಂಧ್ರ ಕೊರೆದ ಆಡಂಬರದ ಡಿಸ್ಕ್ ನಿತ್ಯದ ಓಡಾಟಕ್ಕೆ ಅನಾವಶ್ಯಕ.

ಜೋಡಣೆಯಲ್ಲಿ ಎಲ್ಲರೂ ಕಡೆಗಣಿಸುವುದು ಹಬ್‌ನ ಮುಖವನ್ನು. ಬ್ರೇಕು ಒತ್ತಿದಾಗ ಸ್ಟಿಯರಿಂಗ್ ಅದುರಿದರೆ ಡಿಸ್ಕ್ ಶಾಖಕ್ಕೆ ಡೊಂಕಾಯಿತೆನ್ನುವುದು ವಾಡಿಕೆ. ಬಹುಪಾಲು ಕಾರಣ ಬೇರೆ. ಹಬ್ ಮೇಲಿನ ತುಕ್ಕಿನ ತೆಳುಪದರ ಡಿಸ್ಕನ್ನು ಕೂದಲೆಳೆಯಷ್ಟು ಓರೆಯಾಗಿಸುತ್ತದೆ. ಅಂಚಿನಲ್ಲಿ ಆ ಓರೆ ಹಿಗ್ಗುತ್ತದೆ. ಪ್ರತಿ ಸುತ್ತಿನಲ್ಲಿಯೂ ಒಂದೇ ಜಾಗ ಪ್ಯಾಡಿಗೆ ತಾಗಿ, ಸಾವಿರಾರು ಕಿಲೋಮೀಟರುಗಳಲ್ಲಿ ದಪ್ಪ ಏರುಪೇರಾಗಿ ಅದುರು ಹುಟ್ಟುತ್ತದೆ. ತಂತಿ ಬ್ರಷ್ಷಿನಿಂದ ಹಬ್‌ನ ಲೋಹ ಹೊಳೆಯುವಂತೆ ಉಜ್ಜುವುದು ಕಾಲು ಗಂಟೆಯ ಕೆಲಸ.

ಕಾರನ್ನು ಜಾಕಿನ ಮೇಲಷ್ಟೇ ನೆಚ್ಚದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಕ್ಯಾಲಿಪರನ್ನು ರಬ್ಬರು ಕೊಳವೆಗೆ ಜೋತುಬೀಳಲು ಬಿಡದೆ ತಂತಿಯಿಂದ ಕಟ್ಟಬೇಕು. ಹೊಸ ಡಿಸ್ಕಿಗೆ ಸವರಿದ ರಕ್ಷಣಾತೈಲವನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರೆಸಬೇಕು. ಗಾಲಿಯ ನಟ್ಟುಗಳನ್ನು ಎದುರುಬದುರಾಗಿ, ತಯಾರಕರು ಹೇಳಿದ ಬಿಗಿಗೆ ತರಬೇಕು. ಕಾರು ಹೊರಡುವ ಮುನ್ನ ಪೆಡಲು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಲೇಬೇಕು. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಬ್ರೇಕು ಹಿಡಿಯದು. ಅನಂತರ ತೆರವಾದ ದಾರಿಯಲ್ಲಿ 60ರಿಂದ 20 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಮೃದುವಾಗಿ ಇಳಿಸಿ, ನಡುನಡುವೆ ಡಿಸ್ಕ್ ಆರಲು ಬಿಟ್ಟರೆ ಪ್ಯಾಡಿನ ಪದರ ಸಮನಾಗಿ ಕೂಡುತ್ತದೆ.