ಎಮ್ಡನ್ನಿನ ಬೆನ್ನು ಹತ್ತಿದ ಹ್ಯಾಂಪ್‌ಷೈರ್

ಉಡುಪಿ, ಮಣಿಪಾಲ, ಕಾರ್ಕಳಗಳಿಂದ ಸಂಜೆಯ ಗಾಳಿಗೆಂದು ಕಾಪುವಿಗೆ ಬರುವವರಿಗೆ ಅಲ್ಲಿಯ ಬಂಡೆಯ ಮೇಲಿನ ದೀಪಸ್ತಂಭ ಚಿರಪರಿಚಿತ. 1901ರಲ್ಲಿ ಕಟ್ಟಿದ ಆ ದೀಪಕ್ಕೆ 1914ರಲ್ಲಿ 13 ವರ್ಷ. ಅದು ಬೆಳಕು ಚೆಲ್ಲುವ ಇದೇ ಅರಬ್ಬೀ ಸಮುದ್ರದಲ್ಲಿ, ದಕ್ಷಿಣಕ್ಕೆ 600 ಕಿಲೋಮೀಟರಿಗೂ ಕಡಿಮೆ ದೂರದ ಮಿನಿಕಾಯ್ ದ್ವೀಪದ ಸುತ್ತ, ಆ ವರ್ಷ ಒಂದು ವಿಚಿತ್ರ ಬೇಟೆ ನಡೆಯಿತು. ಬೇಟೆಯ ಪ್ರಾಣಿ ‘ಎಮ್ಡನ್’ ಎಂಬ ಜರ್ಮನ್ ನೌಕೆ. ಅದರ ಹೆಸರು ಇಂದಿಗೂ ತಮಿಳು ಮಲಯಾಳಗಳ ಆಡುಮಾತಿನಲ್ಲಿ ಉಳಿದಿದೆ. ಬೇಟೆಗಾರರಲ್ಲಿ ಒಂದಾದ ‘ಹ್ಯಾಂಪ್‌ಷೈರ್’ ಅನ್ನು ನೆನೆಯುವವರು ವಿರಳ.

ಹ್ಯಾಂಪ್‌ಷೈರ್ ಬ್ರಿಟಿಷರ ಉಕ್ಕಿನ ಕವಚದ ಕ್ರೂಸರು. 1903ರಲ್ಲಿ ನೀರಿಗಿಳಿದು 1905ರಲ್ಲಿ ಸಿದ್ಧವಾಯಿತು. ಭಾರ 10,850 ಟನ್ನು, ಪಕ್ಕೆಗೆ ಆರು ಅಂಗುಲ ದಪ್ಪದ ಕವಚ, ನಾಲ್ಕು ಚಿಮಣಿಗಳು, ಏಳೂವರೆ ಅಂಗುಲದ ನಾಲ್ಕು ತೋಪುಗಳು. ಎಮ್ಡನ್ ಅದರ ಮೂರನೆಯ ಒಂದು ಪಾಲಿನಷ್ಟೇ ತೂಕದ್ದು. ಎದುರಾಎದುರು ನಿಂತರೆ ಜಯ ಯಾರದೆಂದು ಕೇಳಬೇಕಾಗಿರಲಿಲ್ಲ. ಆದರೆ ಎದುರು ನಿಲ್ಲುವ ಯೋಗವೇ ಕೂಡಿಬರಬೇಕಲ್ಲ! ಹ್ಯಾಂಪ್‌ಷೈರಿನ ವೇಗ 22 ನಾಟ್, ಎಮ್ಡನ್ನಿನದು ಸುಮಾರು 24. ಮೇಲಾಗಿ ಎಮ್ಡನ್ನಿನ ನಾಯಕ ಕಾರ್ಲ್ ಫಾನ್ ಮ್ಯುಲ್ಲರ್ ಮಹಾ ಚತುರ. ತನ್ನ ಮೂರು ಚಿಮಣಿಗಳ ಜೊತೆಗೆ ನಾಲ್ಕನೆಯದೊಂದನ್ನು ಹುಸಿಯಾಗಿ ನಿಲ್ಲಿಸಿ, ದೂರದಿಂದ ಬ್ರಿಟಿಷ್ ನೌಕೆಯೆಂದೇ ನಂಬಿಸುತ್ತಿದ್ದ.

ಸೆಪ್ಟೆಂಬರ್ ಮೊದಲಲ್ಲಿ ಸುಮಾತ್ರದ ಪಕ್ಕದ ಸಿಮಲೂರ್ ದ್ವೀಪದ ಬಳಿ ಇವೆರಡೂ ಸ್ವಲ್ಪದರಲ್ಲೇ ಸಂಧಿಸದೆ ಹೋದವು. ಆ ತಿಂಗಳ 22ರ ರಾತ್ರಿ ಎಮ್ಡನ್ ಮದರಾಸಿನ ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಹಚ್ಚಿ ಮಾಯವಾಯಿತು. ಅಕ್ಟೋಬರ್ 9ರಂದು ಡಿಯೆಗೋ ಗಾರ್ಸಿಯಾ ದ್ವೀಪದಲ್ಲಿ ಲಂಗರು ಹಾಕಿತು. ಯುದ್ಧ ಆರಂಭವಾದ ಸುದ್ದಿಯೇ ತಲುಪದ ಆ ದ್ವೀಪವಾಸಿಗಳು ಶತ್ರುವನ್ನು ಅತಿಥಿಯೆಂದು ಆದರಿಸಿದರು. ಜರ್ಮನರೂ ಅವರ ಮೋಟಾರು ದೋಣಿಯನ್ನು ದುರಸ್ತಿ ಮಾಡಿಕೊಟ್ಟು ಹೊರಟರು. ಕೆಲವೇ ದಿನಗಳಲ್ಲಿ ಹ್ಯಾಂಪ್‌ಷೈರ್ ಅಲ್ಲಿಗೆ ಬಂದಿತು. ಹಕ್ಕಿ ಹಾರಿತ್ತು. ಅಷ್ಟರಲ್ಲಿ ಎಮ್ಡನ್ ಮಿನಿಕಾಯ್ ಬಳಿ ಏಳು ಹಡಗುಗಳನ್ನು ಹಿಡಿದು, ಐದನ್ನು ಮುಳುಗಿಸಿ, ಸೆರೆಸಿಕ್ಕವರನ್ನು ಒಂದರಲ್ಲಿ ಕೂರಿಸಿ ಕೊಚ್ಚಿಗೆ ಕಳುಹಿಸಿತ್ತು.

ಕೊನೆಗೆ ನವೆಂಬರ್ 9ರಂದು ಕೋಕೋಸ್ ದ್ವೀಪದಲ್ಲಿ ಎಮ್ಡನ್ನನ್ನು ಕೆಡವಿದ ಕೀರ್ತಿ ಆಸ್ಟ್ರೇಲಿಯಾದ ‘ಸಿಡ್ನಿ’ಗೆ ಸಂದಿತು. ಹ್ಯಾಂಪ್‌ಷೈರಿನ ಪಾಲಿಗೆ ಬಂದುದು ಸೆರೆಯಾಳುಗಳನ್ನು ಸಾಗಿಸುವ ಕೆಲಸ. ತಿಂಗಳುಗಟ್ಟಲೆ ಕಣ್ಣಿಗೇ ಬೀಳದಿದ್ದ ಮ್ಯುಲ್ಲರ್, ಅದೇ ನೌಕೆಯನ್ನೇರಿ ಬಂದಿಯಾಗಿ ಮಾಲ್ಟಾಕ್ಕೆ ಪಯಣಿಸಿದ!

ಮುಂದೆ ಹ್ಯಾಂಪ್‌ಷೈರ್ ಉತ್ತರ ಸಮುದ್ರವನ್ನು ಸೇರಿತು. 1916ರ ಮೇ 31ರ ಜಟ್‌ಲೆಂಡ್ ಕದನದಿಂದ ಸುರಕ್ಷಿತವಾಗಿ ಹಿಂದಿರುಗಿತು. ಐದೇ ದಿನಗಳ ಬಳಿಕ, ಜೂನ್ 5ರಂದು, ರಷ್ಯಕ್ಕೆ ಹೊರಟ ಯುದ್ಧಮಂತ್ರಿ ಲಾರ್ಡ್ ಕಿಚನರ್ ಅದನ್ನೇರಿದ. 1902ರಿಂದ 1909ರ ವರೆಗೆ ಭಾರತದ ಸೇನಾಧಿಪತಿಯಾಗಿದ್ದು, ಕರ್ಜನ್ ಪ್ರಭುವಿನೊಡನೆ ಕಾದಾಡಿ ಅವನು ರಾಜೀನಾಮೆ ಕೊಡುವಂತೆ ಮಾಡಿದ ಕಿಚನರನೇ ಈತ. ಆ ಸಂಜೆ ಬಿರುಗಾಳಿ. ಬೆಂಗಾವಲಿನ ಎರಡು ಪುಟ್ಟ ನೌಕೆಗಳು ಅಲೆಗಳಿಗೆ ಎದುರಾಗಿ ಜೊತೆಗೂಡಲಾರದೆ ಹೋದಾಗ ಅವನ್ನು ಹಿಂದಕ್ಕೆ ಕಳುಹಿಸಲಾಯಿತು. ಒಮ್ಮೆ ವೇಗ ಸಾಲದೆ ಬೇಟೆಯನ್ನು ಕಳೆದುಕೊಂಡ ನೌಕೆ, ಈ ಸಲ ಜೊತೆಗಾರರ ವೇಗ ಸಾಲದೆ ಒಂಟಿಯಾಯಿತು. ಆರ್ಕ್ನಿ ದ್ವೀಪಗಳ ಪಶ್ಚಿಮ ತೀರದಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಹುದುಗಿಸಿಟ್ಟಿದ್ದ ಸಿಡಿಗುಂಡಿಗೆ ತಗುಲಿ, ಕಾಲು ಗಂಟೆಯಲ್ಲಿ ಮುಳುಗಿತು. 737 ಮಂದಿ ಮಡಿದರು. ತೆಪ್ಪಗಳ ಮೇಲೆ ದಡ ಕಂಡವರು ಹನ್ನೆರಡೇ ಜನ. ಕಿಚನರನ ದೇಹ ಸಿಕ್ಕಲೇ ಇಲ್ಲ.

ಆ ತೀರದ ಬೆಟ್ಟದಲ್ಲಿ 1926ರಲ್ಲಿ ಕಿಚನರನ ಹೆಸರಿನಲ್ಲಿ ಕಲ್ಲಿನ ಗೋಪುರ ಎದ್ದಿತು. ಒಲೆಗೆ ಕಲ್ಲಿದ್ದಲು ಸುರಿದವರೂ ತೋಪು ಹೂಡಿದವರೂ ಸೇರಿ ಮಡಿದವರೆಲ್ಲರ ಹೆಸರುಗಳನ್ನು ಕೆತ್ತಿದ ಗೋಡೆ ಅದರ ಪಕ್ಕಕ್ಕೆ ಬಂದದ್ದು 2016ರಲ್ಲಿ.