ಗುಲಗಂಜಿ ಹುಳದ ಬೆನ್ನೇರಿದ ಬೂಷ್ಟು!

ದುಬಲಗುಂಡಿ: ಹುಮನಾಬಾದ ಬಸ್ಸಿಗೆ ಕಾಯುತ್ತ ನಿಂತವರ ಅಂಗಿ ಮೇಲೆ ಕೆಂಪು ಮೈ, ಕರಿ ಗುರುತಿನ ಹುಳವೊಂದು ಬಂದು ಕೂಡ್ರುವುದು ಹೊಸದೇನಲ್ಲ. ಹುಡುಗರು ಅದಕ್ಕೆ ಗುಲಗಂಜಿ ಹುಳ ಅನ್ನುತ್ತಾರೆ. ಕೈ ಜಾಡಿಸಿದರೆ ಹಾರಿ ಹೋಯಿತು, ಕತೆ ಮುಗಿಯಿತು. ಆದರೆ ಇದೇ ಬಳಗದ ಹುಳದ ಬೆನ್ನನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತವರು 2022ರಲ್ಲಿ ಒಂದು ಬೂಷ್ಟಿಗೆ ಹೊಸದಾಗಿ ನಾಮಕರಣ ಮಾಡಿದರು!

ಹೆಸರು ಹೆಸ್ಪೆರೊಮೈಸಿಸ್ ಹಾರ್ಮೋನಿಯೆ. ತೊಟ್ಟಿಲಿಗೆ ಹಾಕಿದವರು ಬೆಲ್ಜಿಯಂ ದೇಶದ ಡ್ಯಾನಿ ಹೇಲೆವಾಟರ್ಸ್ ಮತ್ತು ಆಂಡ್ರೆ ಡಿ ಕೆಸೆಲ್. ಹಾಗಂತ ಬೂಷ್ಟು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ರೋಲೆಂಡ್ ಥ್ಯಾಕ್ಸ್ಟರ್ 1891ರಲ್ಲೇ ಇಂಥದೊಂದಕ್ಕೆ ಹೆಸರಿಟ್ಟಿದ್ದ. ಆಮೇಲೆ ಯಾವ ಗುಲಗಂಜಿ ಹುಳದ ಮೇಲೆ ಸಿಕ್ಕರೂ ಅದೇ ಹೆಸರಿನ ಖಾತೆಗೆ ಬರೆಯುತ್ತ ಬಂದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಗುಟ್ಟು ಬಯಲಾಯಿತು. ಕಿರಾಣಿಯವರ ಮಾತಿನಲ್ಲಿ ಹೇಳುವುದಾದರೆ, ನಾಲ್ಕಾರು ನಮೂನಿ ಬ್ಯಾಳಿಯನ್ನು ಒಂದೇ ಡಬ್ಬಿಗೆ ಸುರಿದು ಮೇಲೆ ಒಂದೇ ಚೀಟಿ ಅಂಟಿಸಿದ್ದರು. ಈಗ ಆರಿಸಿ ಬೇರೆ ಮಾಡುತ್ತಿದ್ದಾರೆ.

ಈ ಬೂಷ್ಟಿನ ಬಾಳೇ ವಿಚಿತ್ರ. ಹಳಸಿದ ರೊಟ್ಟಿ ಮೇಲಿನ ಬೂಷ್ಟಿನ ಹಾಗೆ ಎಳೆ ಹರಡುವುದಿಲ್ಲ. ಜೀವಂತ ಹುಳದ ಮೈಯೇ ಬೇಕು. ಹುಳ ಸತ್ತರೆ ಇದರ ಬಾಳೂ ಮುಗಿಯಿತು. ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಿಮೆ ಉದ್ದ. ಬರಿಗಣ್ಣಿಗೆ ಹೆಚ್ಚೆಂದರೆ ಧೂಳು ಕೂತಂತೆ ಕಂಡೀತು. ಹರಡುವುದು ಮೈಗೆ ಮೈ ತಾಗಿ. ಹುಳಗಳು ಕೂಡುವಾಗ, ಚಳಿಗೆ ಗುಂಪುಗಟ್ಟಿ ಒತ್ತಿಕೊಂಡು ಕೂತಾಗ ಅಂಟುಬೀಜ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಸಂತಿ ದಿನದ ಬಸ್ಸಿನಲ್ಲಿ ನೆಗಡಿ ದಾಟುವುದಿಲ್ಲವೇ, ಹಾಗೆ!

ಈ ಮನೆತನಕ್ಕೆ ಲಾಬುಲ್ಬೇನಿಯೇಲಿಸ್ ಅಂತ ಹೆಸರು. ಲಾಬುಲ್ಬೇನ್ ಎಂಬ ಫ್ರೆಂಚ್ ಡಾಕ್ಟರನ ನೆನಪಿಗೆ ಬಂದದ್ದು. ಇಲ್ಲಿವರೆಗೆ ಎರಡು ಸಾವಿರಕ್ಕೂ ಮಿಕ್ಕಿ ಜಾತಿ ಗುರುತಾಗಿವೆ, ಬಹುಪಾಲು ದುಂಬಿ ಜಾತಿಯ ಹುಳಗಳ ಮೇಲಿನವೇ. ಥ್ಯಾಕ್ಸ್ಟರ್ ಇವುಗಳ ಮೇಲೆ 1896ರಿಂದ 1931ರವರೆಗೆ ಐದು ಸಂಪುಟ ಬರೆದ. ಹುಳದ ಬೆನ್ನಿನ ಬೂಷ್ಟಿಗೆ ಐದು ಸಂಪುಟ! ಹುಚ್ಚೆಂದರೂ ಸೈ, ತಪಸ್ಸೆಂದರೂ ಸೈ.

“ಇದನ್ನ ತಗೊಂಡು ರೈತ ಏನ್ ಮಾಡ್ಬೇಕ್ರೀ?” ಅಂತ ಕೇಳುವವರು ಕೇಳಲಿ, ನ್ಯಾಯವಾದ ಪ್ರಶ್ನೆ. ಈ ಬೂಷ್ಟು ಸಾಮಾನ್ಯವಾಗಿ ಹುಳವನ್ನು ಕೊಲ್ಲುವುದಿಲ್ಲ, ಬಾಡಿಗೆದಾರನಂತೆ ಕೂತಿರುತ್ತದೆ. ಕೊಲ್ಲದಿರುವುದು ಒಳ್ಳೇದೇ ಆಯಿತು. ಕುಸುಬಿಗೆ ಹೇನು ಬಿದ್ದಾಗ ತಿಂದು ಕಡಿಮೆ ಮಾಡುವುದು ಇದೇ ಗುಲಗಂಜಿ ಹುಳದ ಬಳಗ. ಕಂಡ ಹುಳಕ್ಕೆಲ್ಲ ಎಣ್ಣಿ ಹೊಡೆಯುವವರು ಹೇನಿನ ಜೊತೆ ಈ ಗೆಳೆಯನನ್ನೂ ಮುಗಿಸುತ್ತಾರೆ.

ಆದರೆ ಹುಳ ಕೊಲ್ಲುವ ಬೂಷ್ಟು ಬೇರೆ ಇದೆ. ಕಬ್ಬಿನವರಿಗೆ ಬೇಕಾದದ್ದು ಅದು. 1879ರಲ್ಲಿ ಒಡೆಸ್ಸಾ ಕಡೆ ಗೋಧಿ ಹಾಳು ಮಾಡುತ್ತಿದ್ದ ದುಂಬಿಯ ಮೇಲೆ ಹಸಿರು ಬೂಷ್ಟು ಬೆಳೆಯುವುದನ್ನು ಮೆಚ್ನಿಕಾಫ್ ಎಂಬ ವಿಜ್ಞಾನಿ ಕಂಡ. ಮುಂದೆ 1908ರಲ್ಲಿ ಬೇರೆ ಕೆಲಸಕ್ಕೆ ನೊಬೆಲ್ ಪಡೆದವನೂ ಅವನೇ. ಆ ಬೂಷ್ಟೇ ಇಂದು ಗೊಬ್ಬರ-ಔಷಧ ಅಂಗಡಿಗಳಲ್ಲಿ ಪಾಕೀಟಾಗಿ ಸಿಗುವ ಮೆಟಾರೈಜಿಯಂ. ಹುಳದ ಚರ್ಮಕ್ಕೆ ಅಂಟಿ, ಮೊಳೆತು, ಒಳಗೆ ಕೊರೆದು ಹೋಗಿ ಕೊಲ್ಲುತ್ತದೆ. ಸತ್ತ ಹುಳದ ಮೇಲೆ ಹಸಿರು ಪುಡಿ ಏಳುತ್ತದೆ. ರೇಷ್ಮೆಯವರು ಹೆದರುವ ಸುಣ್ಣಕಟ್ಟು ರೋಗವೂ ಇಂಥ ಬೂಷ್ಟಿನದೇ, ಅಲ್ಲಿ ಬಣ್ಣ ಬಿಳಿ ಅಷ್ಟೆ.

ಹಳ್ಳಿಖೇಡ, ದುಬಲಗುಂಡಿ ಭಾಗದ ಕಬ್ಬಿನವರಿಗೆ ಗೊಣ್ಣೆಹುಳದ ಪರಿಚಯ ಮಾಡಿಕೊಡಬೇಕಿಲ್ಲ. ಬಿಳಿ ಮೈ, ಕಂದು ತಲೆ, ಮಣ್ಣೊಳಗೆ ಮುದುರಿ ಮಲಗಿ ಬೇರು ಕತ್ತರಿಸುತ್ತದೆ. ಮೇಲೆ ಎಲೆ ಹಳದಿ. ಹಿಡಿದು ಜಗ್ಗಿದರೆ ಗಿಡವೇ ಕೈಗೆ ಬರುತ್ತದೆ. ಸಾಲ ತಂದು ನಾಟಿ ಮಾಡಿದವನ ಎದೆ ಒಡೆಯುವುದು ಆಗ.

ಇಲ್ಲಿ ಪಾಕೀಟು ಕೊಳ್ಳುವವರೂ ಮಾರುವವರೂ ಒಂದು ಮಾತು ತಿಳಿಯಬೇಕು. ಪಾಕೀಟಿನಲ್ಲಿರುವುದು ರಾಸಾಯನಿಕ ಅಲ್ಲ, ಜೀವ. ಬ್ಯಾಸಗಿ ಬಿಸಿಲಿಗೆ ಕಾದ ಪತ್ರಾಸಿನ ಕೆಳಗೆ ತಿಂಗಳುಗಟ್ಟಲೆ ಇಟ್ಟರೆ ಸತ್ತುಹೋಗುತ್ತದೆ. ಆಮೇಲೆ ಮಾರುವುದು ಬರೀ ಪುಡಿ. ತಂಪಿನಲ್ಲಿ ಇಡಬೇಕು, ತಾರೀಖು ನೋಡಿ ಕೊಳ್ಳಬೇಕು. ಬೂಷ್ಟುನಾಶಕ ಔಷಧದ ಜೊತೆ ಕಲಸಿದರೆ ಹಾಕಿದ ಕೈಯೇ ಕೊಂದಂತೆ. ಚೆನ್ನಾಗಿ ಕಳಿತ ತಿಪ್ಪಿಗೊಬ್ಬರದಲ್ಲಿ ಬೆರೆಸಿ, ಹಸಿ ಇರುವ ಮಣ್ಣಿಗೆ, ಬೇರಿನ ಹತ್ತಿರ ಕೊಡಬೇಕು. ಎಕರೆಗೆ ಎಷ್ಟು ಎಂಬುದನ್ನು ಬೀದರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ.

ಇನ್ನು ಕಾಸು ಬೇಡದ ಉಪಾಯ. ಮುಂಗಾರಿನ ಮೊದಲ ದೊಡ್ಡ ಮಳಿ ಬಿದ್ದ ಸಂಜೆ ಗೊಣ್ಣೆಹುಳದ ದುಂಬಿಗಳು ಮಣ್ಣಿಂದೆದ್ದು ಬೇವು, ಜಾಲಿ ಮರಕ್ಕೆ ಮುತ್ತುತ್ತವೆ. ಕತ್ತಲಾದ ಮೇಲೆ ಟೊಂಗಿ ಅಲ್ಲಾಡಿಸಿ, ಬಿದ್ದವನ್ನು ಸೀಮೆಎಣ್ಣಿ ನೀರಿಗೆ ಹಾಕಿದರೆ ತತ್ತಿ ಇಡುವ ಮೊದಲೇ ಲೆಕ್ಕ ಚುಕ್ತಾ. ಒಬ್ಬನೇ ಮಾಡಿದರೆ ಪಕ್ಕದ ಹೊಲದ ದುಂಬಿ ಹಾರಿ ಬರುತ್ತದೆ, ಊರೆಲ್ಲ ಕೂಡಿ ನಾಲ್ಕಾರು ಸಂಜೆ ಮಾಡಬೇಕು. ಬೂಷ್ಟಿನ ಪುಡಿ ಕೊಡುವುದೂ ಮರಿ ಸಣ್ಣದಿರುವಾಗಲೇ. ಮರಿ ಬಲಿತು ಬೇರೆಲ್ಲ ತಿಂದಾದ ಮೇಲೆ ಪಾಕೀಟು ಸುರಿದವನ ಕಬ್ಬು ಆ ವರ್ಷಕ್ಕೆ ವಾಪಸು ಬರುವುದಿಲ್ಲ.